ಟಿವಿಯವರು ಬಂದರು, ಮಳೆ ಹಿಡಿದುಕೊಂಡು ಹೋದರು!

ಕೊಪ್ಪ: ರಾಷ್ಟ್ರಕವಿ ಕುವೆಂಪು ಹುಟ್ಟಿದ್ದೆಲ್ಲಿ ಅಂತ ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಿ ನೋಡಿ. ಥಟ್ಟನೆ ಬರುವ ಉತ್ತರ ಕುಪ್ಪಳಿ. ಉತ್ತರ ತಪ್ಪು! ಕುಪ್ಪಳಿ ಅವರು ಬೆಳೆದ ಮನೆ. ಅದು ತೀರ್ಥಹಳ್ಳಿ ತಾಲ್ಲೂಕು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿ ಸೀತಮ್ಮನವರ ತವರಾದ ಹಿರೇಕೊಡಿಗೆಯಲ್ಲಿ. ಇದು ಕೊಪ್ಪ ತಾಲ್ಲೂಕು.

ಆದರೆ ಟಿವಿಯವರ ಗಾಡಿಗಳು ಹಿರೇಕೊಡಿಗೆ ಕಡೆ ತಿರುಗುವುದು ಅಪರೂಪ. ಅವರದೂ ತಪ್ಪಲ್ಲ ಅನ್ನಿ. ಕುಪ್ಪಳಿಯಲ್ಲಿ ದೊಡ್ಡ ಕವಿಮನೆ ಇದೆ, ಗುಡ್ಡ ಹತ್ತಿದರೆ ಕವಿಶೈಲದ ಬಂಡೆಗಳಿವೆ. ನಿರೂಪಕಿಯನ್ನು ಎಲ್ಲಿ ನಿಲ್ಲಿಸಿದರೂ ಹಿಂದೆ ಒಂದು ಚಿತ್ರ ಸಿದ್ಧ. ಹಿರೇಕೊಡಿಗೆಯಲ್ಲಿ ಏನಿದೆ? ಗದ್ದೆ, ತೋಟ, ಮನೆಗಳು, ಬಸ್ಸಿಗೆ ಕಾಯುವ ಜನ. ಅದಕ್ಕೆ ಕ್ಯಾಮೆರಾ ಇಳಿಸುವವರು ಯಾರು?

ಇದು ಹಿರೇಕೊಡಿಗೆ ಒಂದರ ಪಾಡಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳು ಟಿವಿಯಲ್ಲಿ ಬೇಕಾದಷ್ಟು ಸಲ ಬಂದಿವೆ. ದೇವಸ್ಥಾನ ಬಂದಿದೆ, ಜಲಪಾತ ಬಂದಿದೆ, ಮಂಜು ಬಂದಿದೆ. ಇಲ್ಲಿ ಬದುಕುವವರು ಬಂದದ್ದು ಎಷ್ಟು ಸಲ ಎಂಬುದೇ ಪ್ರಶ್ನೆ.

ಬಂತು ಬಂತು, ಹೋಯ್ತು!

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಮಲೆನಾಡಿನ ಕಣಿವೆಗಳಿಗೆ ಅದು ನೆಟ್ಟಗೆ ತಲುಪಲು ಬಹಳ ಕಾಲ ಹಿಡಿಯಿತು. ಟಿವಿ ತರಂಗ ನೇರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಕಥೆ ಮುಗೀತು. ಹಾಗಾಗಿ ಉದ್ದದ ಗಳುವಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬ ಮೇಲೆ ನಿಂತು ತಿರುಗಿಸುವುದು, ಒಳಗಿನಿಂದ ಮನೆಮಂದಿಯೆಲ್ಲ "ಬಂತು ಬಂತು... ಹೋಯ್ತು!" ಅಂತ ಕೂಗುವುದು. ಅದೂ ಕರೆಂಟ್ ಇದ್ದರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಟಿವಿಯ ಮೇಲೆ ಬಟ್ಟೆ ಒಣಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಆಗುಂಬೆಗೆ ಶಂಕರ್‌ನಾಗ್ ಬಂದು 'ಮಾಲ್ಗುಡಿ ಡೇಸ್' ತೆಗೆದರು. ಅದು ಕಥೆ, ಸಾಕ್ಷ್ಯಚಿತ್ರ ಅಲ್ಲ. ಆದರೂ ಈ ಸೀಮೆಯ ಬೀದಿ, ಜಗುಲಿ, ಹೆಂಚಿನ ಮನೆಯನ್ನು ಇಡೀ ದೇಶ ನೋಡಿದ್ದು ಆವಾಗ. 1990ರಲ್ಲಿ 'ಸುರಭಿ' ಶುರುವಾಯಿತು. ಸಿದ್ಧಾರ್ಥ್ ಕಾಕ್, ರೇಣುಕಾ ಶಹಾಣೆ ನಗುನಗುತ್ತಾ ದೇಶದ ಮೂಲೆ ಮೂಲೆ ತೋರಿಸುತ್ತಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುವವರೂ ಬಿಡದೆ ನೋಡಿದರು. ಬಹುಮಾನದ ಪ್ರಶ್ನೆಗೆ ಲಕ್ಷಗಟ್ಟಲೆ ಕಾರ್ಡುಗಳು ಹೋಗಿ ಬಿದ್ದವು. ಕೊನೆಗೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ ಎರಡು ರೂಪಾಯಿಯ ಬೇರೆ ಕಾರ್ಡ್ ತರಬೇಕಾಯಿತು! ಊರೂರಿನ ಕಸುಬು, ಕಲೆ, ಜಾತ್ರೆಯನ್ನು ಗೌರವದಿಂದ ತೋರಿಸಬಹುದು, ಜನ ಕೂತು ನೋಡುತ್ತಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಹಾವು, ಮಳೆ, ಕಡುಬು

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದ ಮೇಲೆ ಕಾಳಿಂಗ ಸರ್ಪ ಹೊರದೇಶದ ಚಾನಲ್‌ಗಳಿಗೂ ಹೋಯಿತು. 2020ರಲ್ಲಿ 'ವೈಲ್ಡ್ ಕರ್ನಾಟಕ' ಬಂತು. ಡೇವಿಡ್ ಅಟೆನ್‌ಬರೋ ದನಿಯಲ್ಲಿ ಕರ್ನಾಟಕದ ಕಾಡಿನ ಕಥೆ. ಅದನ್ನು ತೆಗೆದವರಲ್ಲೊಬ್ಬರಾದ ಅಮೋಘವರ್ಷ ಅವರೇ ಪುನೀತ್ ರಾಜ್‌ಕುಮಾರ್ ಜೊತೆ ಕಾಡು ಸುತ್ತಿ 'ಗಂಧದಗುಡಿ' ಮಾಡಿದರು. 2022ರ ಅಕ್ಟೋಬರ್‌ನಲ್ಲಿ, ಪುನೀತ್ ತೀರಿಕೊಂಡ ವರ್ಷದ ಮೇಲೆ ಅದು ತೆರೆಗೆ ಬಂತು. ಹಾವು ಕಂಡರೆ ದೊಣ್ಣೆ ಹುಡುಕುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ಹಾವು ಹಿಡಿಯುವವರಿಗೆ ಫೋನ್ ಹೋಗುತ್ತದೆ. ಇದರಲ್ಲಿ ಟಿವಿಗೂ ಪಾಲಿದೆ.

ರಗಳೆ ಇರುವುದು ವಾರದ ಕೊನೆಗೆ ಬರುವ 'ಹೋಗೋಣ ಬನ್ನಿ' ಬಗೆಯ ಕಾರ್ಯಕ್ರಮಗಳಲ್ಲಿ. ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. ಕಾರಿನ ಗಾಜಿನ ಮೇಲೆ ಮಳೆ. ಸಿರಿಮನೆ ಜಲಪಾತ. ಹೋಂಸ್ಟೇ ಹಜಾರದಲ್ಲಿ ಬಿಸಿ ಕಡುಬು, ಕಳಲೆ ಪಲ್ಯ, ಪತ್ರೊಡೆ. ತಿಂದ ನಿರೂಪಕ ಕಣ್ಣು ಮುಚ್ಚಿ "ಆಹಾ" ಅನ್ನಬೇಕು. ಆಮೇಲೆ ನಾಟಿ ಗದ್ದೆ. ಈಗ ನಾಟಿಗೆ ಹೋಗುವವರು ತಲೆಗೆ ಹಾಕುವುದು ಪ್ಲಾಸ್ಟಿಕ್ ಕೊಪ್ಪೆ. ಆದರೆ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಆಗಿಬರೋಲ್ಲ. ಅಟ್ಟದಲ್ಲಿ ಹುಳ ಹಿಡಿಯುತ್ತಿದ್ದ ಗೊರಬು ಇಳಿಯಬೇಕು!

ಇದರಿಂದ ಲಾಭ ಇಲ್ಲವೇ? ಇದೆ. ಕಾಫಿಪುಡಿ, ಜೇನು, ಕೊಡೆ, ನೀರಿನ ಬಾಟಲಿ ಮಾರುವ ಅಂಗಡಿಯವರಿಗೆ ಶನಿವಾರ ಭಾನುವಾರ ನಾಲ್ಕು ಕಾಸು ಬರುತ್ತದೆ. ಕಾರ್ಯಕ್ರಮ ಪ್ರಸಾರವಾದ ಮಾರನೇ ವಾರ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು ನಿಂತು, ಶೃಂಗೇರಿ ಬಸ್ಸಿಗೆ ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ, ಅದೂ ಇದೆ.

ಬಸ್ಸಿನ ಕಥೆ ಯಾಕೆ ಬೇಡವಾಯಿತು?

ಬಸ್ಸು ಅಂದ ಮೇಲೆ ಈ ಊರಿನ ಕಥೆಯೊಂದನ್ನು ಹೇಳಲೇಬೇಕು. ಕೊಪ್ಪದ 'ಸಹಕಾರ ಸಾರಿಗೆ' ಯಾರಿಗೆ ಗೊತ್ತಿಲ್ಲ? ಖಾಸಗಿ ಸಾರಿಗೆ ಕಂಪನಿಯೊಂದು ನಡೆಯದಾದಾಗ ಅದರ ಕೆಲಸಗಾರರು ಮನೆಗೆ ಹೋಗಿ ಕೂರಲಿಲ್ಲ. 1991ರಲ್ಲಿ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರಿ ಸಹಕಾರ ಸಂಘ ಕಟ್ಟಿದರು. ಕೈಯಲ್ಲಿದ್ದದ್ದು ಬೆರಳೆಣಿಕೆ ಬಸ್ಸು. ಟಿಕೆಟ್ ಹರಿಯುವವನೇ ಮಾಲೀಕ, ಸ್ಟೀರಿಂಗ್ ಹಿಡಿದವನೇ ಮಾಲೀಕ, ಬಸ್ಸಿನಡಿ ಮಲಗಿ ಎಣ್ಣೆ ಮುಖಕ್ಕೆ ಬಳಿದುಕೊಂಡವನೂ ಮಾಲೀಕ. ಅದು ಬೆಳೆದು 70ಕ್ಕೂ ಹೆಚ್ಚು ಬಸ್ಸಾಯಿತು. ಘಟ್ಟದ ಮೇಲೂ ಕೆಳಗೂ ಓಡಿತು. ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಿಗೆ ಅದೇ ಬಸ್ಸು. ಶಾಲೆ ಕಾಲೇಜು ಮಕ್ಕಳಿಗೆ ರಿಯಾಯಿತಿ. ಮರೆತು ಬಂದ ಔಷಧಿ, ತೋಟಕ್ಕೆ ಬೇಕಾದ ಮೋಟಾರಿನ ಬಿಡಿಭಾಗ, ಮದುವೆ ಕಾಗದ, ಎಲ್ಲವೂ "ಸ್ವಲ್ಪ ಇಂಥವರ ಅಂಗಡಿಗೆ ಕೊಟ್ಟುಬಿಡಿ ಮಾರಾಯ್ರೇ" ಎಂಬ ಒಂದು ಮಾತಿನ ಮೇಲೆ ಊರು ಸೇರುತ್ತಿತ್ತು.

ಸುಮಾರು 29 ವರ್ಷ ಓಡಿ 2020ರ ಫೆಬ್ರವರಿಯಲ್ಲಿ ನಿಂತಿತು. ಡೀಸೆಲ್ ಬೆಲೆ ಏರಿತು, ತೆರಿಗೆ ಭಾರ, ಮೇಲಿಂದ ಮೇಲೆ ನಷ್ಟ. ಮನೆಮನೆಗೆ ಬೈಕು ಬಂದು ಬಸ್ಸಿನ ಸೀಟು ಖಾಲಿಯಾಯಿತು. ಬಸ್ಸು ನಿಂತ ದಿನ ಸುದ್ದಿಯವರು ಬಂದರು, ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳನ್ನು ತೋರಿಸಿದರು. ಬದುಕಿದ್ದಾಗ ಅದನ್ನು ಹತ್ತಿ, ಬೆಳಗಿನ ಮೊದಲ ಟ್ರಿಪ್‌ನಿಂದ ರಾತ್ರಿ ಹಾಲ್ಟ್‌ವರೆಗೆ ಕೂತು, ಕಂಡಕ್ಟರ್‌ನ ಲೆಕ್ಕದ ಚೀಟಿ, ಸಂಘದ ಮೀಟಿಂಗ್, ಅಲ್ಲಿಯ ಜಗಳ ತೋರಿಸಿದ್ದರೆ ಅದಕ್ಕಿಂತ ಒಳ್ಳೆಯ ಪ್ರವಾಸ ಕಾರ್ಯಕ್ರಮ ಯಾವುದಿತ್ತು? ಘಾಟಿಯೂ ಇತ್ತು, ಮಳೆಯೂ ಇತ್ತು, ಜನವೂ ಇದ್ದರು. ಆ ಮೂರನೆಯದೇ ತೊಡಕಾಗಿರಬೇಕು.

ಹೀಗೆ ಮಾಡಲು ಬರುವುದಿಲ್ಲ ಎನ್ನುವಂತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಟಿವಿ, ಮುಂದೆ ಇಡೀ ಊರು. ಬೇಸಾಯ, ಆರೋಗ್ಯದ್ದೇ ಮಾತು. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸಣ್ಣದೊಂದು ಟಿವಿ ಕೇಂದ್ರ ಹಳ್ಳಿಯವರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ, ಅವರ ಕೂಲಿ, ಅವರ ಸೊಸೈಟಿ, ಅವರ ವ್ಯಾಜ್ಯವನ್ನೇ ಕಾರ್ಯಕ್ರಮ ಮಾಡಿತು. 1984ರಲ್ಲಿ ಯುನೆಸ್ಕೋ ಬಹುಮಾನವೂ ಸಿಕ್ಕಿತು. ಮರುವರ್ಷ ಅಲ್ಲಿಯ ಪ್ರಸಾರ ಕೇಂದ್ರವನ್ನು ಮುಚ್ಚಿದಾಗ, ಬೇಡ ಎಂದು ಪ್ರತಿಭಟಿಸಿದವರು ಹಳ್ಳಿಯವರೇ.

ಗುಂಡು ಹಾರಿದರೆ ಹಾಜರ್

ಮಲೆನಾಡಿನ 'ಸಾಮಾಜಿಕ ಸಮಸ್ಯೆ' ಚಾನಲ್‌ಗಳಿಗೆ ನೆನಪಾಗುವುದು ಬಂದೂಕು ಸದ್ದು ಮಾಡಿದಾಗ. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದಾಗ ಗಾಡಿ ಮೇಲೆ ಗಾಡಿ. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದಾಗ ಮತ್ತೆ ಅರ್ಧ ಗಂಟೆಯ 'ವಿಶೇಷ'. ನಡುವಿನ 20 ವರ್ಷ ಇದು 'ನಕ್ಸಲ್ ಪೀಡಿತ' ಪ್ರದೇಶ. ಕಾಲುಸಂಕ ಇಲ್ಲದೆ ಮಕ್ಕಳು ಹಳ್ಳ ದಾಟುವ ಊರಿಗೆ ಆ ಹೆಸರಿನಿಂದ ಬಂದದ್ದು ಏನೂ ಇಲ್ಲ.

ಅಡಿಕೆಯದೂ ಅಷ್ಟೇ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಮರ ಒಮ್ಮೆಗೇ ಸಾಯೋಲ್ಲ; ಎಲೆ ಹಳದಿಯಾಗಿ, ತಲೆ ಸಣ್ಣದಾಗಿ, ಫಸಲು ಇಳಿದು ಇಳಿದು ತೋಟ ಇದ್ದೂ ಇಲ್ಲದಂತಾಗುತ್ತದೆ. ದುರಂತವೆಂದರೆ ಕ್ಯಾಮೆರಾದಲ್ಲಿ ಆ ಹಳದಿ ಬಹಳ ಚೆಂದ ಕಾಣುತ್ತದೆ!

ಉಣುಗು ಕಾಣೋದಿಲ್ಲ

ಇನ್ನೊಂದಂತೂ ಪ್ರಾಣದ ಪ್ರಶ್ನೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಕಾಡಿನ ಉಣುಗು ಕಚ್ಚಿ. 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡದ ಜೊತೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಜೋರಾಗಿಯೇ ಕಾಣಿಸಿಕೊಂಡಿತು, ಜೀವ ತೆಗೆಯಿತು. ಹಳೆಯ ಲಸಿಕೆ ಫಲ ಕೊಡುತ್ತಿಲ್ಲವೆಂದು 2022ರಲ್ಲೇ ನಿಂತಿದೆ. ಸೊಪ್ಪು ತರಲು, ದರಗು ಗುಡಿಸಲು ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆಯ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಇದು ಊರಿನವರಿಗೆ ಗೊತ್ತು. ಟಿವಿ ನೋಡಿ ಬರುವವರಿಗೆ ಗೊತ್ತಿಲ್ಲ. ತೆರೆಯ ಮೇಲೆ ಚಡ್ಡಿ ಹಾಕಿದ ನಿರೂಪಕ ದರಗಿನ ಮೇಲೆ ಕೂತು 'ಪ್ರಕೃತಿ' ಎಂದು ಉಸಿರೆಳೆಯುತ್ತಾನೆ. ಅದನ್ನು ನೋಡಿದ ಹುಡುಗರು ಹಾಗೇ ಬಂದು ಕೂರುತ್ತಾರೆ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡು ಸುತ್ತಿ ಹೋದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಬೇಕು. ಕಡುಬು ತಿನ್ನುವ ದೃಶ್ಯದಲ್ಲಿ ಅರ್ಧ ನಿಮಿಷ ಕಡಿಮೆ ಮಾಡಿದರೆ ಇಷ್ಟನ್ನೂ ಹೇಳಬಹುದು.

ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ. ಚಾರಣದ ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಗಾಡಿಗಳು ಘಾಟಿ ಹತ್ತುವುದೂ ಮಳೆ ಬಿಟ್ಟ ಆ ತಿಂಗಳುಗಳಲ್ಲೇ.