ಸೊಂಟದ ಸುತ್ತಳತೆಯೂ ರಕ್ತದೊತ್ತಡವೂ

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲಿ ಬೆಳಗ್ಗೆ ಕುಚ್ಚಲಕ್ಕಿ ಗಂಜಿಯುಂಡು ಗದ್ದೆ, ತೋಟಗಳಲ್ಲಿ ದಿನವಿಡೀ ದುಡಿಯುತ್ತಿದ್ದ ಹಿರಿಯರ ಮೈಯಲ್ಲಿ ಬೊಜ್ಜು ನಿಲ್ಲಲು ಆಸ್ಪದವಿರಲಿಲ್ಲ. ಇಂದಿಗೂ ಅನ್ನದ ಪ್ರಮಾಣ ಹೆಚ್ಚೇನೂ ಕುಗ್ಗಿಲ್ಲ; ಬದಲಾದುದು ದುಡಿಮೆ. ಗುಡ್ಡ ಹತ್ತಿಳಿಯುತ್ತಿದ್ದ ಕಾಲುದಾರಿಯ ಸ್ಥಾನದಲ್ಲಿ ಅಂಗಳದವರೆಗೂ ರಸ್ತೆ ಬಂದಿದೆ. ಬೀಡಿ ಕಟ್ಟುವ ತಾಯಂದಿರು ಗಂಟೆಗಟ್ಟಲೆ ಕುಳಿತೇ ಇರುತ್ತಾರೆ. ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿರುವವರ ಸ್ಥಿತಿಯೂ ಭಿನ್ನವಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರು ಅಧಿಕ ತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ವಯಸ್ಕರಲ್ಲಿ ಶೇಕಡಾ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆಯೆಂದು ತಿಳಿಸಿತು. ಈ ಎರಡರ ನಡುವಿನ ನಂಟು ಆಕಸ್ಮಿಕವಲ್ಲ.

ದೇಹದಲ್ಲಿ ಕೊಬ್ಬು ಹೆಚ್ಚಿದಂತೆ ಅದಕ್ಕೂ ರಕ್ತ ಪೂರೈಕೆಯಾಗಬೇಕು. ಹೃದಯದ ಹೊರೆ ಏರುತ್ತದೆ. ಆದರೆ ನಿಜವಾದ ತೊಡಕು ಇರುವುದು ಹೊಟ್ಟೆಯೊಳಗೆ ಸೇರಿದ ಬೊಜ್ಜಿನಲ್ಲಿ. ಅದು ಮೂತ್ರಪಿಂಡಗಳನ್ನು ಒತ್ತುತ್ತದೆ. ರಕ್ತನಾಳಗಳನ್ನು ಸಂಕುಚಿತಗೊಳಿಸುವ ಹಾರ್ಮೋನುಗಳನ್ನು ಕೆರಳಿಸುತ್ತದೆ. ಇನ್ಸುಲಿನ್ನಿನ ಕೆಲಸವನ್ನೂ ಕೆಡಿಸುತ್ತದೆ. ಪರಿಣಾಮವಾಗಿ ಹೊರಹೋಗಬೇಕಾದ ಉಪ್ಪು, ನೀರು ದೇಹದಲ್ಲೇ ಉಳಿದು ಒತ್ತಡ ಏರುತ್ತದೆ. ಸ್ಥೂಲಕಾಯದವರಲ್ಲಿ ಕಂಡುಬರುವ ಜೋರಾದ ಗೊರಕೆಯನ್ನು ಮನೆಯವರು ಗಾಢನಿದ್ರೆಯೆಂದು ಭಾವಿಸಿ ನಗುವುದುಂಟು. ನಡುನಡುವೆ ಉಸಿರು ಕಟ್ಟುತ್ತಿದ್ದರೆ ಅದೂ ರಕ್ತದೊತ್ತಡವನ್ನು ಏರಿಸುವ ಕಾಯಿಲೆಯೇ.

ಭಾರತೀಯರಿಗೆ ತೂಕದ ಮಿತಿ ಪಾಶ್ಚಾತ್ಯರಿಗಿಂತ ಕಡಿಮೆ. 160 ಸೆಂಟಿಮೀಟರ್ ಎತ್ತರದವರು 59 ಕಿಲೋ ಮೀರಿದರೆ ಅಧಿಕ ತೂಕ, 64 ಮೀರಿದರೆ ಬೊಜ್ಜು. ತಕ್ಕಡಿಗಿಂತ ಅಳತೆಪಟ್ಟಿ ಇನ್ನೂ ಸುಲಭ: ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಎಚ್ಚರದಿಂದಿರಬೇಕು. ತೆಳ್ಳಗಿರುವವರಿಗೆ ರಕ್ತದೊತ್ತಡ ಬಾರದೆಂದೂ ಇಲ್ಲ.

ಸಂತೋಷದ ಸಂಗತಿಯೆಂದರೆ, ತೂಕ ಇಳಿಸಿದರೆ ಒತ್ತಡವೂ ಇಳಿಯುತ್ತದೆ. ಒಂದು ಕಿಲೋ ಕರಗಿದರೆ ಸರಾಸರಿ ಒಂದು ಅಂಕದಷ್ಟು ಇಳಿಕೆ. 80 ಕಿಲೋ ಇರುವವರು 60ಕ್ಕೆ ಬರಬೇಕೆಂದು ಹಟ ಹಿಡಿಯಬೇಕಿಲ್ಲ. ನಾಲ್ಕೈದು ಕಿಲೋ ಇಳಿಸಿ ಅಲ್ಲೇ ಉಳಿಸಿಕೊಂಡರೂ ಫಲವಿದೆ. ಎರಡನೆಯ ಸಲದ ಅನ್ನದ ಬದಲು ಪಲ್ಯ, ಸಂಜೆಯ ಗೋಳಿಬಜೆಯ ಬದಲು ಅರ್ಧಗಂಟೆಯ ಬಿರುಸಿನ ನಡಿಗೆ ಸಾಕು. ಉಪವಾಸದ ಆತುರ ಬೇಡ.

ನಮ್ಮ ಕರಾವಳಿಯ ಊಟದಲ್ಲಿ ಇನ್ನೊಂದು ವಿಷಯವಿದೆ. ಗಂಜಿ ಸಾತ್ವಿಕವೇ, ಅದರ ಪಕ್ಕದಲ್ಲಿರುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಹಾಗಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸ್ಥೂಲದೇಹಿಗಳ ಮೇಲೆ ಉಪ್ಪಿನ ಪ್ರಭಾವ ಇನ್ನೂ ಹೆಚ್ಚು.

ತೂಕ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕರ. ತಲೆನೋವಿಲ್ಲ, ತಲೆಸುತ್ತಿಲ್ಲ ಎಂಬುದು ಒತ್ತಡ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅನೇಕರಿಗೆ ಮೊದಲ ಲಕ್ಷಣವೇ ಪಾರ್ಶ್ವವಾಯು. ಮೂವತ್ತು ದಾಟಿದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷಿಸಿಕೊಳ್ಳಬಹುದು. ಐದು ನಿಮಿಷ ಸುಮ್ಮನೆ ಕುಳಿತ ಬಳಿಕವೇ ಅಳೆಯಿಸಬೇಕು. ತೋಳು ದಪ್ಪವಿರುವವರು ದೊಡ್ಡ ಪಟ್ಟಿಯನ್ನೇ ಕಟ್ಟುವಂತೆ ಕೇಳಿಕೊಳ್ಳಬೇಕು; ಚಿಕ್ಕ ಪಟ್ಟಿಯು ಇರುವುದಕ್ಕಿಂತ ಹೆಚ್ಚು ಅಂಕ ತೋರಿಸುತ್ತದೆ.