ಮೇಜಿನ ಮೇಲಣ ಬೀಜ

ಹೊಸಪೇಟೆಯನ್ನು ಬಿಟ್ಟು ಕಮಲಾಪುರವನ್ನು ಹಾದು ಕಂಪ್ಲಿಯ ಕಡೆಗೆ ಹೊರಟ ಪಯಣಿಗನ ದೃಷ್ಟಿ ಸಾಮಾನ್ಯವಾಗಿ ಹಂಪಿಯ ಬಂಡೆಗಳ ಮೇಲೆ, ಭಗ್ನ ಮಂಟಪಗಳ ಮೇಲೆ ನೆಟ್ಟಿರುತ್ತದೆಯಾದುದರಿಂದ, ಆ ಬಂಡೆಗಳ ಬುಡದಲ್ಲಿಯೇ ಮೊಣಕಾಲುದ್ದದ ಕೆಸರಿನಲ್ಲಿ ಸಾಲುಗಟ್ಟಿ ಬಾಗಿ ನಿಂತ ಹೆಂಗಸರು ಅವನಿಗೆ ಚಿತ್ರದ ಅಂಚಿನ ಅಲಂಕಾರವಾಗಿ ಮಾತ್ರ ತೋರುತ್ತಾರೆ. ನಾಟಿ ಹಚ್ಚುವವರು ಮುಂದಕ್ಕೆ ನಡೆಯುವುದಿಲ್ಲ. ತಾವು ಊರಿದ ಸಸಿಯನ್ನು ತಾವೇ ತುಳಿಯಬಾರದೆಂದು ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಸರಿಯುತ್ತಾರೆ. ಬದುವಿನ ಮೇಲೆ ಕುಳಿತು ಸಸಿಯ ಕಟ್ಟುಗಳನ್ನು ಎಸೆಯುವ ಹತ್ತು ಹನ್ನೆರಡು ವರ್ಷದ ಬಾಲಿಕೆಗೆ ಅದೇ ಮೊದಲ ಪಾಠ. ಅಂಥ ಬಾಲಿಕೆಯೊಬ್ಬಳು ಮುಂದೆ ಕೃಷಿ ಪದವೀಧರೆಯಾಗಿ, ಅಧಿಕಾರಿಣಿಯಾಗಿ ಅದೇ ಬದುವಿನ ಮೇಲೆ ಬಂದು ನಿಲ್ಲುವ ಹಾದಿಯಲ್ಲಿ ಒಂದು ವಿಲಕ್ಷಣವಾದ ಬಾಗಿಲುಂಟು. ಈ ಲೇಖನದ ವಸ್ತು ಆ ಬಾಗಿಲು.

ಆದರೆ ಬಾಗಿಲಿಗಿಂತ ಮೊದಲು ಅಂಗಳವನ್ನು ನೋಡಬೇಕು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಸಾಮ್ರಾಜ್ಯ ಅಳಿದು ನಾಲ್ಕೂವರೆ ಶತಮಾನಗಳು ಸಂದರೂ ಇಂದಿಗೂ ಹರಿಯುತ್ತಿವೆ. ದೇವಾಲಯಗಳು ಹಾಳಾದ ಊರಿನಲ್ಲಿ ನೀರು ಮಾತ್ರ ತನ್ನ ಉದ್ಯೋಗವನ್ನು ಬಿಟ್ಟಿಲ್ಲ. ಅದರ ಮೇಲೆ 1953ರಲ್ಲಿ ತುಂಗಭದ್ರಾ ಜಲಾಶಯವು ಸಿದ್ಧವಾಯಿತು. ಬಳ್ಳಾರಿ ಸೀಮೆ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ಅಕ್ಟೋಬರ್ 1ರಂದು. ಈ ನೀರಿನಿಂದಲೇ ಹೊಸಪೇಟೆಯ ಕಬ್ಬು, ಕಮಲಾಪುರದ ಸುಗಂಧಿ ಬಾಳೆ, ಕಂಪ್ಲಿಯ ಭತ್ತ. ಇಲ್ಲಿಯ ಹುಡುಗಿ ಪಂಚಾಂಗಕ್ಕಿಂತ ಹೆಚ್ಚಾಗಿ ಕಾಲುವೆಗೆ ನೀರು ಬಿಡುವ ದಿನವನ್ನೂ ಬಂದ್ ಮಾಡುವ ದಿನವನ್ನೂ ಬಲ್ಲವಳು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ, ಆ ಸುದ್ದಿಯ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಡೂರಿನ ಕಡೆಗೆ ತಿರುಗಿದರೆ ವಿದ್ಯೆಯೇ ಬೇರೆ. ಅದಿರಿನ ಬೆಟ್ಟಗಳ ಮಗ್ಗುಲಿನ ಮಸಾರಿ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆಗಳು ಮಳೆಯನ್ನೇ ನಂಬಿದವು. ಗಂಡಸು ಎತ್ತು ಹೊಡೆಯುವಾಗ ಹಿಂದಿನಿಂದ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವಳು ಹೆಣ್ಣುಮಗಳು; ಮುಷ್ಟಿಯ ಬೀಜವನ್ನು ಹೆಬ್ಬೆರಳಿನ ಒತ್ತಿನಿಂದ ಹದವರಿತು ಜಾರಿಸುವ ಆ ಕೌಶಲದ ಮೇಲೆಯೇ ಬೆಳೆಯ ಒತ್ತು ತೆಳುವುಗಳು ನಿಂತಿರುವುವಾದರೂ, ಬಿತ್ತಿದವನೆಂಬ ಹೆಸರು ಮಾತ್ರ ಎತ್ತು ಹೊಡೆದವನಿಗೆ.

ಇನ್ನು ಬಾಗಿಲು. ನಮ್ಮ ರಾಜ್ಯದ ಕೃಷಿ, ತೋಟಗಾರಿಕೆ ಮತ್ತು ಪಶುವೈದ್ಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಲ್ಲಿ ಕೃಷಿಕರ ಮಕ್ಕಳಿಗಾಗಿ ಕೆಲವು ಸ್ಥಾನಗಳನ್ನು ಕಾದಿರಿಸುವ ಪದ್ಧತಿಯುಂಟು. ಬಹುಕಾಲ ನೂರಕ್ಕೆ 40ರಷ್ಟಿದ್ದ ಈ ಪಾಲನ್ನು 2021ರಲ್ಲಿ 50ಕ್ಕೆ ಏರಿಸುವುದೆಂದಾಯಿತು. ಈ ಸ್ಥಾನವನ್ನು ಬಯಸುವವರಿಗೆ ಜಮೀನಿನ ಪ್ರಮಾಣಪತ್ರವೊಂದೇ ಸಾಲದು. ಪರೀಕ್ಷಾ ಪ್ರಾಧಿಕಾರವು ನಡೆಸುವ ಪ್ರಾಯೋಗಿಕ ಪರೀಕ್ಷೆಯೊಂದಕ್ಕೆ ಅವರು ಹಾಜರಾಗಬೇಕು. ಅಲ್ಲಿ ಮೇಜುಗಳ ಮೇಲೆ ಬೀಜಗಳು, ಸಸ್ಯಗಳು, ಗೊಬ್ಬರಗಳು, ಬೇಸಾಯದ ಉಪಕರಣಗಳು ಇರುತ್ತವೆ. ಅವನ್ನು ನೋಡಿ ಗುರುತಿಸಬೇಕು. ಹನ್ನೆರಡು ವರ್ಷ ಪುಸ್ತಕವನ್ನು ಓದಿ ಬಂದವಳಿಗೆ ಅಂದು ಪುಸ್ತಕದ ಆಸರೆಯಿಲ್ಲ. ನವಣೆ ಯಾವುದು, ಬರಗು ಯಾವುದು, ಸಾವೆ ಯಾವುದು ಎಂದರೆ ಪಟ್ಟಣದ ಬುದ್ಧಿವಂತರು ತಡವರಿಸುವಲ್ಲಿ, ಕೇರುವ ಮೊರದ ಮುಂದೆ ಅಜ್ಜಿಯ ಪಕ್ಕದಲ್ಲಿ ಕುಳಿತು ಬೆಳೆದವಳ ಕಣ್ಣು ತಡೆಯುವುದಿಲ್ಲ. ನಮ್ಮ ಶಿಕ್ಷಣಕ್ರಮದಲ್ಲಿ ತಾಯಿ ಹೇಳಿಕೊಟ್ಟದ್ದಕ್ಕೆ ಅಂಕ ಬೀಳುವ ಸ್ಥಳ ಬಹುಶಃ ಇದೊಂದೇ ಎಂದು ನನಗೆ ತೋರಿದೆ.

ಹಾಗೆಂದು ಪರೀಕ್ಷೆ ನಿರ್ದೋಷವೆಂದಲ್ಲ. ಅದು ಪದಾರ್ಥದ ಹೆಸರನ್ನು ಕೇಳುತ್ತದೆ, ಕೈಯ ಹದವನ್ನು ಕೇಳುವುದಿಲ್ಲ. ಹೆಬ್ಬೆರಳಿನ ಒತ್ತನ್ನು ಅಳೆಯುವ ಮೇಜು ಅಲ್ಲಿಲ್ಲ. ಹೆಸರೂ ಏಕರೂಪವೆ? ನಮ್ಮ ಕಡೆ ಮೆಕ್ಕೆಜೋಳವಾದುದು ಧಾರವಾಡದಲ್ಲಿ ಗೋವಿನಜೋಳ, ಮೈಸೂರಿನಲ್ಲಿ ಮುಸುಕಿನ ಜೋಳ. ಇಲ್ಲಿಯ ಶೇಂಗಾ ಅಲ್ಲಿ ಕಡಲೆಕಾಯಿ. ಮೇಲಾಗಿ ಈ ಪರೀಕ್ಷೆಗೂ ಈಗ ತರಬೇತಿ ತರಗತಿಗಳು ಹುಟ್ಟಿಕೊಂಡಿವೆ. ಹೊಲವನ್ನು ದಾಖಲೆಯಲ್ಲಿ ಮಾತ್ರ ಕಂಡ ಮಕ್ಕಳು ಅಲ್ಲಿ ಬೀಜದ ಪೊಟ್ಟಣಗಳನ್ನು ಬಾಯಿಪಾಠ ಮಾಡುತ್ತಾರೆಂಬುದು ನಗೆಯ ವಿಷಯವೊ ವಿಷಾದದ ವಿಷಯವೊ, ತಿಳಿಯದು.

ಈ ವಿದ್ಯೆಯ ಮನೆಗಳು ನಮ್ಮ ನಾಡಿಗೆ ಹೊಸವಲ್ಲ. 1899ರಲ್ಲಿ ಹೆಬ್ಬಾಳದ ಪ್ರಾಯೋಗಿಕ ಕ್ಷೇತ್ರಕ್ಕೆ ಮೂವತ್ತು ಎಕರೆ ಭೂಮಿಯನ್ನು ಕೊಟ್ಟವರು ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಸ್ತ್ರೀಯೊಬ್ಬಳ ದಾನದಿಂದ ಮೊದಲಾದ ಆ ಕ್ಷೇತ್ರವೇ ಮುಂದೆ ಶಾಲೆಯಾಗಿ, ಕಾಲೇಜಾಗಿ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಮದರಾಸಿನವರ ಆಡಳಿತದಲ್ಲಿದ್ದ ನಮ್ಮ ಸೀಮೆಯಲ್ಲಿ 1906ರಲ್ಲಿ ಹಗರಿಯ ಸಂಶೋಧನಾ ಕ್ಷೇತ್ರವೂ, ಎರೆಭೂಮಿಗೆ ನೀರುಣಿಸುವ ಸಮಸ್ಯೆಗಳ ಅಧ್ಯಯನಕ್ಕೆಂದು 1937ರಲ್ಲಿ ಸಿರುಗುಪ್ಪದ ಕ್ಷೇತ್ರವೂ ನೆಲೆಗೊಂಡವು. ಧಾರವಾಡದ ವಿಶ್ವವಿದ್ಯಾನಿಲಯ 1986ರದು. ರಾಯಚೂರಿನದು 2008ರದು; ಬಳ್ಳಾರಿ ಸೀಮೆಯ ಹುಡುಗಿಗೆ ಅದು ಹೆಬ್ಬಾಳದಷ್ಟು ದೂರವಲ್ಲ. ಹೆಣ್ಣುಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸಲು ಹಿಂದೆಗೆಯುವ ಮನೆಗಳಲ್ಲಿ ಈ ಅಂತರ ಸಾಮಾನ್ಯದ್ದಲ್ಲ.

ಎಲ್ಲರೂ ಪದವಿಯವರೆಗೆ ಹೋಗಲಾರರು. ಹತ್ತನೆಯ ತರಗತಿ ಮುಗಿಸಿದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಶಾಲೆಯನ್ನು ಮೊದಲೇ ಬಿಟ್ಟು ಮದುವೆಯಾಗಿ ಹೋದವರಲ್ಲಿ ಕೆಲವರು ಇತ್ತೀಚೆಗೆ ಸ್ವಸಹಾಯ ಸಂಘಗಳ ಮೂಲಕ ‘ಕೃಷಿ ಸಖಿ’ಯರಾಗಿ, ಮಣ್ಣಿನ ಮಾದರಿ ತೆಗೆಯುವುದನ್ನೂ ಬೀಜೋಪಚಾರವನ್ನೂ ಕಲಿತು, ತಮ್ಮ ಊರಿನವರಿಗೇ ಅದನ್ನು ಹೇಳುತ್ತಿದ್ದಾರೆ. ಪದವಿ ಪಡೆದವಳು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಧಿಕಾರಿಣಿಯಾಗಬಹುದು. ಹಗರಿಯಲ್ಲಿಯೋ, ಕಂಪ್ಲಿಯ ಹೊಳೆಯಾಚೆಯ ಗಂಗಾವತಿಯ ಭತ್ತದ ಸಂಶೋಧನಾ ಕೇಂದ್ರದಲ್ಲಿಯೋ ವಿಜ್ಞಾನಿಯಾಗಬಹುದು. ಅಲ್ಲಿ ಅವಳೆದುರು ಪಹಣಿಯನ್ನು ಹಿಡಿದು ನಿಲ್ಲುವವರಲ್ಲಿ ಹೆಚ್ಚಿನವರು ಗಂಡಸರು. 2015–16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ಸ್ತ್ರೀಯರ ಹೆಸರಿನವು ನೂರಕ್ಕೆ ಸುಮಾರು 14 ಮಾತ್ರ. ಹಾಗಾಗಿ ನಾಟಿ ಹಚ್ಚಿದವಳು ಮನೆಯಲ್ಲಿಯೂ, ಬಿತ್ತನೆ ಬೀಜದ ರಸೀತಿ ಪಡೆಯುವವನು ಕಚೇರಿಯಲ್ಲಿಯೂ ಇರುತ್ತಾರೆ; ಮೇಜಿನ ಈಚೆಗೆ ಕುಳಿತವಳು ಇಬ್ಬರನ್ನೂ ಬಲ್ಲವಳೆಂಬುದೇ ವಿಶೇಷ.

ನಾಲ್ಕು ವರ್ಷದ ಈ ಓದಿನ ಕಡೆಯ ಭಾಗದಲ್ಲಿ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಕಾಲ ಹಳ್ಳಿಯೊಂದರಲ್ಲಿ ವಾಸಕ್ಕೆ ಬಿಡುವ ಗ್ರಾಮೀಣ ಕಾರ್ಯಾನುಭವದ ಕ್ರಮವುಂಟು. ಹಳ್ಳಿಯಲ್ಲಿ ಹುಟ್ಟಿದವಳು ಹಳ್ಳಿಯನ್ನು ಕಲಿಯಲು ಇನ್ನೊಂದು ಹಳ್ಳಿಗೆ ಬಂದಂತಾಯಿತು. ಅಲ್ಲಿಯ ಮೊದಲ ಕೆಲಸಗಳಲ್ಲೊಂದು, ಗುಡಿಯ ಮುಂದಣ ಬಯಲನ್ನು ಗುಡಿಸಿ, ರಂಗೋಲಿಯ ಬಣ್ಣದ ಪುಡಿಯಿಂದ ಊರಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸುವುದು: ಹಸಿರು ಗದ್ದೆಗೆ, ಕೆಂಪು ಮಸಾರಿಗೆ, ನೀಲಿ ಕಾಲುವೆಗೆ. ಊರವರೆಲ್ಲ ಸುತ್ತ ನೆರೆಯುತ್ತಾರೆ. ಗಂಡಸರು ಬಹುಮಟ್ಟಿಗೆ ನಿಂತು ನೋಡುತ್ತಾರೆ. ಕೂಲಿ ಮುಗಿಸಿ ಮರಳುವ ಹೆಂಗಸರಲ್ಲಿ ಯಾರಾದರೊಬ್ಬರು, ಕಾಲುವೆ ಅಲ್ಲಿ ತಿರುಗುವುದಿಲ್ಲವೆಂದು ಕುಕ್ಕರುಗಾಲಿನಲ್ಲಿ ಕುಳಿತು, ಬರೆದ ನೀಲಿಯನ್ನು ಅಂಗೈಯಿಂದ ಒರೆಸಿ, ಹುಡುಗಿಯ ಬಟ್ಟಲಿನಿಂದಲೇ ಒಂದು ಚಿಟಿಕೆ ಪುಡಿ ತೆಗೆದುಕೊಂಡು, ಹೆಬ್ಬೆರಳಿನ ಒತ್ತಿನಿಂದ ಹದವಾಗಿ ಜಾರಿಸುತ್ತಾ, ಹಿಂದೆ ಹಿಂದೆ ಸರಿಯುತ್ತಾ ಗೆರೆಯೆಳೆಯುತ್ತಾಳೆ.