ಬ್ಯಾಟರಿಯದೂ ಅಲ್ಲ, ಪುಟ್ಟನದೂ ಅಲ್ಲ

ಕಳೆದ ಮಳೆಗಾಲದ ಒಂದು ಬೆಳಗ್ಗೆ. ನನ್ನ ಹೆಂಡತಿಯ ಕಣ್ಣಿನ ಪೊರೆ ತೋರಿಸಲು ಶಿವಮೊಗ್ಗಕ್ಕೆ ಹೊರಟಿದ್ದೆವು. ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಮಳೆಯಲ್ಲಿ ಎರಡು ಗಂಟೆಯ ದಾರಿ. ಹನ್ನೊಂದರೊಳಗೆ ಆಸ್ಪತ್ರೆಯಲ್ಲಿರಬೇಕು. ತಪ್ಪಿದರೆ ಡಾಕ್ಟರು ಮತ್ತೆ ಸಿಗುವುದು ಮೂರು ವಾರ ಕಳೆದ ಮೇಲೆ. ಏಳೂವರೆಗೆ ಆಕೆ ಸೀರೆ ಉಟ್ಟು, ಔಷಧಿ ಚೀಟಿಗಳ ಚೀಲ ಹಿಡಿದು ಜಗಲಿಯಲ್ಲಿ ಕೂತಾಗಿತ್ತು. ನಾನು ಹೋಗಿ ಕಾರಿನ ಕೀ ತಿರುಗಿಸಿದೆ.

ಟಕ್... ಟಕ್. ಅಷ್ಟೇ.

ಮತ್ತೆ ತಿರುಗಿಸಿದೆ. ಮತ್ತೆ ಟಕ್. ಹದಿನೆಂಟು ವರ್ಷದ ಹಳೆಯ ಪುಟ್ಟ ಪೆಟ್ರೋಲ್ ಕಾರು ಅದು. ಮುನಿಸು ಅದಕ್ಕೆ ಹೊಸದಲ್ಲ. ಆದರೆ ಆವತ್ತು ನನಗೆ ಕಾರಣ ಹುಡುಕುವ ಶ್ರಮವೇ ಬೇಕಾಗಲಿಲ್ಲ. ಹಿಂದಿನ ದಿನ ಸಂಜೆ ಮೊಮ್ಮಗ ಪುಟ್ಟ ಅದೇ ಕಾರಿನಲ್ಲಿ ಕೂತು, ಒಳಗಿನ ದೀಪ ಹಾಕಿಕೊಂಡು, ಡ್ರೈವರ್ ಆಟ ಆಡಿದ್ದನ್ನು ನಾನೇ ನೋಡಿದ್ದೆ.

“ದೀಪ ಆರಿಸದೆ ಬಂದಿದ್ದೀಯ. ರಾತ್ರಿಯೆಲ್ಲ ಉರಿದು ಬ್ಯಾಟರಿ ಖಾಲಿಯಾಗಿದೆ. ಅಜ್ಜಿಯ ಕಣ್ಣಿನ ವಿಷಯ ಇದು, ಗೊತ್ತಾ ನಿನಗೆ?” ಎಂದು ಗದರಿದೆ.

“ಇಲ್ಲ ಅಜ್ಜ, ಆರಿಸಿದ್ದೆ. ಬಾಗಿಲು ಹಾಕಿದ ಮೇಲೆ ಇನ್ನೊಂದ್ಸಲ ನೋಡಿಯೇ ಬಂದಿದ್ದೆ.”

“ಮಾಡಿದ್ದು ಸಾಲದು ಅಂತ ಸುಳ್ಳು ಬೇರೆ!”

ಏಳನೇ ತರಗತಿಯ ಹುಡುಗ. ಮುಖ ಕೆಂಪಾಯಿತು, ತುಟಿ ನಡುಗಿತು. ಏನೂ ಹೇಳದೆ ಕೊಟ್ಟಿಗೆಯ ಕಡೆ ನಡೆದುಬಿಟ್ಟ. ಜಗಲಿಯಿಂದ ಹೆಂಡತಿ, “ನೋಡದೆ ಮಾಡದೆ ಮಗೂನ ಯಾಕೆ ಬೈತೀರಿ? ತಿಳಿದವರನ್ನ ಕೇಳಿ ಮೊದಲು” ಎಂದಳು.

ತಿಳಿದವನೊಬ್ಬನಿದ್ದ. ನನ್ನ ಹಳೆಯ ವಿದ್ಯಾರ್ಥಿ. ಪೇಟೆಯಲ್ಲಿ ವಾಹನಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಫೋನ್ ಮಾಡಿ, “ಒಂದು ಹೊಸ ಬ್ಯಾಟರಿ ತಗೊಂಡು ಬಾರಪ್ಪ” ಎಂದೆ.

“ಬ್ಯಾಟರಿ ಇರಲಿ ಸಾರ್. ಹಾರ್ನ್ ಹೊಡೀರಿ, ಕೇಳ್ತೀನಿ.”

ಹೊಡೆದೆ. ತೋಟದ ಆಚೆಯ ಮನೆಯ ನಾಯಿ ಬೊಗಳುವಷ್ಟು ಜೋರಾಗಿ ಕೂಗಿತು.

“ಈಗ ಹೆಡ್‌ಲೈಟ್ ಹಾಕಿ. ಅದು ಉರೀತಿರುವಾಗಲೇ ಕೀ ತಿರುಗಿಸಿ. ಬೆಳಕು ಮಂಕಾಗುತ್ತಾ?”

ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕು ಒಂಚೂರು ಮಿಣುಕಿತೇ ಹೊರತು ಮಂಕಾಗಲಿಲ್ಲ.

“ಹಾಗಾದ್ರೆ ಸದ್ಯಕ್ಕೆ ಬ್ಯಾಟರಿ ಮೇಲೆ ತಪ್ಪು ಹೊರಿಸಬೇಡಿ ಸಾರ್. ಖಾಲಿ ಬ್ಯಾಟರಿ ಆಗಿದ್ರೆ ಲೈಟ್ ಕಣ್ಣು ಮುಚ್ಚಿಬಿಡ್ತಿತ್ತು. ನಾನು ಬರ್ತೀನಿ.”

ಬ್ಯಾಟರಿಯ ಮೇಲೆ ತಪ್ಪಿಲ್ಲ ಎಂದರೆ ಪುಟ್ಟನ ಮೇಲೂ ಇಲ್ಲ. ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಆದರೂ ಹಿರಿಯರ ಬಿಂಕ ನೋಡಿ, ಪೂರ್ತಿ ಗೊತ್ತಾಗಲಿ ಎಂದು ಸುಮ್ಮನಿದ್ದೆ.

ಸೆಲ್ಫ್ ಎಂಬ ಜಟ್ಟಿ

ಅವನು ಬರುವ ತನಕ ಮಕ್ಕಳಿಗೆ ಒಂದು ಹಳೆಯ ಕತೆ. ನಾನು ಚಿಕ್ಕವನಿದ್ದಾಗ ಕಾರು ಹೊರಡಿಸಲು ಮುಂದುಗಡೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುವುದನ್ನು ಕಂಡಿದ್ದೇನೆ. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ಮುರಿಯುವ ಅಪಾಯವಿತ್ತು. ಆ ಕಷ್ಟ ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಾವು ‘ಸೆಲ್ಫ್’ ಎಂದು ಕರೆಯುವುದು ಇದನ್ನೇ. ಕೀ ತಿರುಗಿಸಿದಾಗ ಬ್ಯಾಟರಿಯ ವಿದ್ಯುತ್ತಿನಿಂದ ಈ ಪುಟ್ಟ ಮೋಟರು ತಿರುಗಿ, ದೊಡ್ಡ ಎಂಜಿನ್ನನ್ನು ಎಬ್ಬಿಸುತ್ತದೆ.

ಈ ಪುಟ್ಟ ಮೋಟರಿನ ಹಸಿವು ದೊಡ್ಡದು. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು. ಸೆಲ್ಫ್ ಮೋಟರು ಆ ಕೆಲವೇ ಕ್ಷಣಗಳಲ್ಲಿ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಬ್ಯಾಟರಿಗೆ ಕೂಡಿಸಿದ ವೈರು ಅಷ್ಟು ದಪ್ಪ ಇರುವುದು ಅದಕ್ಕೇ. ಲೈಟು, ಹಾರ್ನು ಸರಿಯಿದ್ದೂ ಕಾರು ಹೊರಡದಿರುವುದಕ್ಕೂ ಇದೇ ಕಾರಣ. ಸಣ್ಣ ಕೆಲಸಕ್ಕೆ ಸಾಲುವ ದಾರಿ ದೊಡ್ಡ ಕೆಲಸಕ್ಕೆ ಸಾಲದೆ ಹೋಗಬಹುದು.

ಮೀಟರು ಪುಟ್ಟನ ಕೈಗೆ

ಹಳೆಯ ವಿದ್ಯಾರ್ಥಿ ಸ್ಕೂಟರಿನಲ್ಲಿ ನೆನೆದುಕೊಂಡೇ ಬಂದ. ಚೀಲದಿಂದ ಹಳದಿ ಬಣ್ಣದ ಮಲ್ಟಿಮೀಟರ್ ತೆಗೆದ. “ಕೀ ತಿರುಗಿಸೋಕೆ ಒಬ್ಬರು, ಮೀಟರ್ ನೋಡೋಕೆ ಒಬ್ಬರು ಬೇಕು” ಎಂದ. ಕೀ ನನ್ನ ಪಾಲಿಗೆ ಬಂತು. ಪುಟ್ಟನನ್ನು ಅವನೇ ಹೋಗಿ ಕೊಟ್ಟಿಗೆಯಿಂದ ಕರೆತಂದ. ಹುಡುಗ ನನ್ನ ಮುಖ ನೋಡಲಿಲ್ಲ.

ಮೊದಲು ಎಚ್ಚರಿಕೆ. ಹ್ಯಾಂಡ್‌ಬ್ರೇಕ್ ಎಳೆಸಿದ. ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡಿದ. ನನ್ನ ಬೆರಳಿನ ಉಂಗುರ ತೆಗೆಸಿದ. ಲೋಹದ ಉಂಗುರ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿದರೆ ಕಾದು ಕೆಂಪಾಗಿ ಬೆರಳು ಸುಡುತ್ತದೆಯಂತೆ. ಬೀಡಿ, ಬೆಂಕಿಕಡ್ಡಿ ಬ್ಯಾಟರಿಯ ಹತ್ತಿರ ಸುಳಿಯಬಾರದು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗುಲಿದರೆ ಸಿಡಿಯುತ್ತದೆ.

ಮೀಟರಿನ ಕೆಂಪು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ತಾಗಿಸಿ, “ಎಷ್ಟು ತೋರಿಸ್ತಿದೆ ಓದು ಮರಿ” ಎಂದ.

“12.6.”

“ಸಾರ್, ಈ ಬ್ಯಾಟರಿಯೊಳಗೆ ಆರು ಮನೆಗಳಿವೆ. ಒಂದೊಂದೂ ಎರಡು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತೆ. ಒಟ್ಟು 12.6 ಅಂದ್ರೆ ಹೊಟ್ಟೆ ತುಂಬಿದೆ ಅಂತ. 12.2 ಆಗಿದ್ರೆ ಅರ್ಧ ಹೊಟ್ಟೆ. ರಾತ್ರಿಯಿಡೀ ದೀಪ ಉರಿದಿದ್ರೆ ಹೀಗೆ ಇರ್ತಿರಲಿಲ್ಲ.”

ಪುಟ್ಟ ಈಗ ಮೊದಲ ಸಲ ನನ್ನ ಕಡೆ ನೋಡಿದ. ನಾನು ಸ್ಟಿಯರಿಂಗ್ ನೋಡಿದೆ.

“ನಿಂತಾಗ ಸರಿ ಇರೋದು ಸಾಲದು, ಹೊರೆ ಹೊತ್ತಾಗಲೂ ನೋಡಬೇಕು. ಸಾರ್, ಕೀ!” ನಾನು ತಿರುಗಿಸಿದೆ. ಟಕ್ ಟಕ್ ಸದ್ದಿನ ನಡುವೆ ಪುಟ್ಟ “12.2” ಎಂದು ಕೂಗಿದ. ಸೆಲ್ಫ್ ತಿರುಗುವಾಗ ಬ್ಯಾಟರಿ ಹತ್ತು ವೋಲ್ಟಿನ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ ಎನ್ನಬಹುದು. ನಮ್ಮದು ಇಳಿಯಲೇ ಇಲ್ಲ. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ಆದರೆ ವಿದ್ಯುತ್ತು ಹೋಗಲು ದಾರಿಯಿಲ್ಲ.

ಕಳ್ಳ ಎಲ್ಲಿ?

“ಅಡಿಕೆ ತೋಟದ ಪೈಪು ನೆನಪು ಮಾಡ್ಕೋ” ಎಂದು ಪುಟ್ಟನಿಗೆ ಹೇಳಿದ. “ಟ್ಯಾಂಕು ತುಂಬಿದೆ, ಕೊನೆಯ ಗಿಡಕ್ಕೆ ಮಾತ್ರ ನೀರಿಲ್ಲ. ಆಗ ಟ್ಯಾಂಕು ಬದಲಾಯಿಸ್ತಾರಾ?”

“ಇಲ್ಲ. ಪೈಪು ಎಲ್ಲಿ ಕಟ್ಟಿಕೊಂಡಿದೆ ಅಂತ ಒಂದೊಂದೇ ಜಾಯಿಂಟ್ ನೋಡ್ತಾರೆ.”

“ಇಲ್ಲೂ ಅಷ್ಟೇ. ಆದರೆ ಕರೆಂಟಿಗೆ ಹೋಗೋ ದಾರಿಯಷ್ಟೇ ಇದ್ರೆ ಸಾಲದು, ವಾಪಸ್ ಬರೋ ದಾರಿಯೂ ಬೇಕು.”

ಕಾರಿನಲ್ಲಿ ಹೋಗುವ ದಾರಿ ವೈರು. ವಾಪಸು ಬರುವ ದಾರಿ ಕಾರಿನ ಕಬ್ಬಿಣದ ಮೈಯೇ. ಇದಕ್ಕೆ ಮೆಕ್ಯಾನಿಕ್‌ಗಳು ‘ಅರ್ತ್’ ಎನ್ನುತ್ತಾರೆ. ಆದರೆ ಎಂಜಿನ್ ಕೂತಿರುವುದು ರಬ್ಬರ್ ದಿಂಬುಗಳ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಪಟ್ಟಿ ಕೂಡಿಸಿರುತ್ತಾರೆ.

ಈಗ ಒಂದೊಂದೇ ಜಾಯಿಂಟಿನ ಪರೀಕ್ಷೆ ಶುರುವಾಯಿತು. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ವೈರು ಸೇರುವ ಬೋಲ್ಟಿಗೆ. ನಾನು ಕೀ ತಿರುಗಿಸಿದೆ. “0.1” ಎಂದ ಪುಟ್ಟ. ಹೋಗುವ ದಾರಿಯಲ್ಲಿ ನಷ್ಟವಿಲ್ಲ. ಬಳಿಕ ಬ್ಯಾಟರಿಯ ಮೈನಸ್‌ನಿಂದ ಕಾರಿನ ಮೈಗೆ. ಮತ್ತೆ “0.1.” ಅಲ್ಲೂ ಸರಿ.

ಕೊನೆಗೆ ಮೈನಸ್‌ನಿಂದ ಎಂಜಿನ್ನಿನ ಬರಿಯ ಲೋಹಕ್ಕೆ. ಕೀ ತಿರುಗಿಸಿದ್ದೇ ಮೀಟರಿನ ಅಂಕಿಗಳು ಕುಣಿದವು. “ಅಂಕಲ್, ಒಂಬತ್ತು! ಒಂಬತ್ತರ ಹತ್ರ!”

“ಸಿಕ್ಕಿಬಿದ್ದ ಕಳ್ಳ! ಅಲ್ಲಿ ಅರ್ಧ ವೋಲ್ಟೂ ದಾಟಬಾರದು.”

ಲೆಕ್ಕ ಸುಲಭ. ಮನೆಯಿಂದ ಹನ್ನೆರಡು ರೂಪಾಯಿ ಕೊಟ್ಟು ಕಳಿಸಿದ್ದೀರಿ. ದಾರಿಯಲ್ಲೇ ಒಬ್ಬ ಒಂಬತ್ತು ಕಿತ್ತುಕೊಂಡ. ಉಳಿದ ಮೂರರಲ್ಲಿ ಸೆಲ್ಫ್ ಏನು ತಾನೇ ಮಾಡೀತು? ಟಕ್ ಎಂದು ನಿಟ್ಟುಸಿರು ಬಿಟ್ಟೀತು, ಅಷ್ಟೇ. ದಾರಿಯ ಅಡ್ಡಿ ಹೆಚ್ಚಾದಷ್ಟೂ ಅಲ್ಲಿ ಕಳೆದುಹೋಗುವ ವೋಲ್ಟೇಜ್ ಹೆಚ್ಚು. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು. ಪ್ರೌಢಶಾಲೆಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ನಿಯಮ ನಮ್ಮ ಅಂಗಳದಲ್ಲಿ ಮಳೆ ಹನಿಯ ನಡುವೆ ಕಣ್ಣಿಗೆ ಕಂಡಿತು.

ಸಾಕ್ಷಿ ಗಟ್ಟಿ ಮಾಡಲು ಅವನು ಇನ್ನೊಂದು ಉಪಾಯ ಮಾಡಿದ. ದಪ್ಪ ಜಂಪರ್ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ನೇರವಾಗಿ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿದ. ವಾಪಸು ಬರಲು ತಾತ್ಕಾಲಿಕ ಸೇತುವೆ ಸಿಕ್ಕಿತು. “ಈಗ ತಿರುಗಿಸಿ ಸಾರ್” ಎಂದ. ಕಾರು ಒಂದೇ ಏಟಿಗೆ ಗುರ್ರೆಂದು ಎದ್ದಿತು! ಜಗಲಿಯಲ್ಲಿದ್ದವಳು ಚೀಲ ಹಿಡಿದು ಎದ್ದು ನಿಂತಳು.

ಕೆಳಗೆ ಬಗ್ಗಿ ನೋಡಿದರೆ, ಕೆಸರು ಮೆತ್ತಿದ ಆ ತಾಮ್ರದ ಜಡೆ ಹಸಿರು ಕಿಲುಬು ಹಿಡಿದು ಬೋಲ್ಟಿನ ಹತ್ತಿರ ಹರಿದಿತ್ತು. ನಾಲ್ಕೈದು ಎಳೆ ಮಾತ್ರ ಅಂಟಿಕೊಂಡಿದ್ದವು. ಮಲೆನಾಡಿನ ಮಳೆ, ಕೆಸರು, ಎಂಜಿನ್ನಿನ ನಡುಕ ಎಲ್ಲ ಸೇರಿ ವರ್ಷಗಟ್ಟಲೆ ಒಂದೊಂದೇ ಎಳೆ ತುಂಡಾಗಿತ್ತು. ಹದಿನೈದು ದಿನಗಳಿಂದ ಸೆಲ್ಫ್ ಸೋಮಾರಿಯಂತೆ ತಿರುಗುತ್ತಿದ್ದುದು ನನಗೆ ಆಗ ನೆನಪಾಯಿತು. ಚಳಿಗೆ ಹೀಗೆ ಎಂದು ನಾನೇ ಕಡೆಗಣಿಸಿದ್ದೆ. ಲೈಟು, ಹಾರ್ನುಗಳ ಅರ್ತ್ ನೇರ ಕಾರಿನ ಮೈಗೆ ಇರುವುದರಿಂದ ಅವಕ್ಕೆ ಈ ಪಟ್ಟಿಯ ಹಂಗಿರಲಿಲ್ಲ.

ಅವನು ಮೊದಲು ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿದ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಿ, ಚೀಲದಲ್ಲಿದ್ದ ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದ. ಮತ್ತೆ ಮೀಟರ್ ಇಟ್ಟು ನೋಡಿದರೆ 0.2. ಪಟ್ಟಿಯ ಬೆಲೆ ಇನ್ನೂರು ರೂಪಾಯಿಯೂ ಆಗಲಿಲ್ಲ. ನಾನು ಹೇಳಿದಂತೆ ಹೊಸ ಬ್ಯಾಟರಿ ತಂದಿದ್ದರೆ ಸಾವಿರಗಟ್ಟಲೆ ಹಣ ಹೋಗುತ್ತಿತ್ತು, ಕಾರು ಮಾತ್ರ ಟಕ್ ಎನ್ನುತ್ತಲೇ ಇರುತ್ತಿತ್ತು.

ಅಜ್ಜ-ಅಜ್ಜಿಯರಿಗೆ ನನ್ನದೊಂದು ಮಾತು. ಕಾರು ಹೊರಡದಿದ್ದರೆ ಹಾರ್ನ್, ಹೆಡ್‌ಲೈಟ್ ಪರೀಕ್ಷೆ ನಾವೇ ಮಾಡಬಹುದು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಹುಡಿ ಕೂತಿದೆಯೇ, ಕ್ಲಾಂಪ್ ಸಡಿಲವಿದೆಯೇ ನೋಡಬಹುದು. ಅಷ್ಟು ಹೇಳಿದರೂ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ಮಕ್ಕಳೇ, ನೀವು ದೊಡ್ಡವರು ಜೊತೆಯಿಲ್ಲದೆ ಬಾನೆಟ್ ತೆರೆಯಬೇಡಿ. ದೊಡ್ಡವರು ಜೊತೆಯಿದ್ದಾಗ ಅಂಕಿ ಓದುವ, ಬರೆದಿಡುವ ಕೆಲಸ ನಿಮ್ಮದಾಗಲಿ.

ಎಂಟೂವರೆಗೆ ಹೊರಟೆವು. ಪುಟ್ಟನೂ ಬಂದ. ಗೇಟು ದಾಟುವ ಮೊದಲು ನಾನು ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದೆ.

“ಪುಟ್ಟಾ, ನೀನು ಸುಳ್ಳು ಹೇಳಿರಲಿಲ್ಲ. ನಾನೇ ನೋಡದೆ ಬೈದೆ. ತಪ್ಪಾಯ್ತು.”

ಅವನು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದ. ಆಮೇಲೆ, “12.6 ಅಂತ ಬಂದಾಗಲೇ ನೀವು ಹೇಳ್ಬೇಕಿತ್ತು ಅಜ್ಜ” ಎಂದ.

“ಹೌದು, ಆಗಲೇ ಹೇಳಬೇಕಿತ್ತು.”

“ಸರಿ, ಈಗ ಹೊರಡಿ. ಅಜ್ಜಿಗೆ ಲೇಟಾಗುತ್ತೆ.”

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದೆವು. ಮುಂದಿನ ತಿಂಗಳೇ ಶಸ್ತ್ರಚಿಕಿತ್ಸೆಯೂ ಆಯಿತು. ಆಕೆ ಈಗ ಈ ಪತ್ರಿಕೆಯ ಸಣ್ಣ ಅಕ್ಷರಗಳನ್ನೂ ತಾನೇ ಓದುತ್ತಾಳೆ. ಇದನ್ನೂ ಓದುತ್ತಾಳೆ. “ನಾನು ಆವತ್ತೇ ಹೇಳಿದ್ದೆ” ಎಂದು ಒಂದು ಮಾತು ಕೇಳಿಸಿಕೊಳ್ಳಲು ನಾನು ತಯಾರಾಗಿಯೇ ಇದ್ದೇನೆ.